ಮೆಟ್ಟುಕತ್ತಿಯ ಎದುರು ಆಡುವ ಮಾತು

ಬದಿಯಡ್ಕದ ಕಡೆಯಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗ ಕಾಸರಗೋಡಿನಲ್ಲಿ ಬಿಎಸ್ಸಿ ಮೊದಲ ವರ್ಷ. ರಾತ್ರಿ ಊಟಕ್ಕೆ ಕೂತಾಗ ಅಪ್ಪ "ಮುಂದೆ ಎಂತ?" ಎಂದರೆ "ನೋಡುವ" ಎಂದು ಮೊಬೈಲ್ ಹಿಡಿದು ಎದ್ದು ಹೋಗುತ್ತಾನಂತೆ. ಅಪ್ಪನಿಗೆ ಬ್ಯಾಂಕ್ ಪರೀಕ್ಷೆ ಕಟ್ಟಿಸುವ ಆಸೆ. "ನಿಮ್ಮ ಪತ್ರಿಕೆಯನ್ನು ಅವನು ಒಮ್ಮೊಮ್ಮೆ ಓದುತ್ತಾನೆ, ಎರಡು ಮಾತು ಬುದ್ಧಿ ಹೇಳಿ" ಎಂದು ಕೇಳಿದ್ದಾರೆ.

ಅಕ್ಕಾ, ನಮ್ಮ ಪತ್ರಿಕೆ ಓದುವ ಹುಡುಗನಿಗೆ ಬುದ್ಧಿಯ ಬರ ಇರಲಾರದು. ನಿಮ್ಮ ಯಜಮಾನರ ಹೆದರಿಕೆಯೂ ಸುಳ್ಳಲ್ಲ. ಕೊಳೆರೋಗ, ಎಲೆಚುಕ್ಕೆ ತಿಂದು ಬಿಟ್ಟ ಅಡಿಕೆಯಲ್ಲಿ ಮನೆ ನಡೆಸುವವರಿಗೆ ತಿಂಗಳ ಸಂಬಳದ ಬೆಲೆ ಗೊತ್ತು. ಅಷ್ಟು ಒಪ್ಪಿದೆ. ಆದರೆ ಅನ್ನಕ್ಕೆ ಕೈ ಹಾಕಿದವನನ್ನು "ಮುಂದೆ ಎಂತ?" ಎಂದು ಕೇಳುವುದು ಮಾತುಕತೆಯೇ? ಠಾಣೆಯ ವಿಚಾರಣೆಯ ಹಾಗಾಯಿತು. "ನೋಡುವ" ಎಂದದ್ದು ನನಗಂತೂ ಪ್ರಾಮಾಣಿಕವಾಗಿಯೇ ಕೇಳಿಸಿತು. ನೋಡಲಿಕ್ಕೆ ನೀವು ಏನು ತೋರಿಸಿದ್ದೀರಿ?

ನಾನೂ ಇದೇ ತಪ್ಪು ಮಾಡಿದವ. ಮಗಳು ಡಿಗ್ರಿಗೆ ಸೇರಿದ ವರ್ಷ ಮಂಗಳೂರಿನಲ್ಲಿ ಕೆರಿಯರ್ ಗೈಡೆನ್ಸಿನವರೊಬ್ಬರ ಎದುರು ಕೂರಿಸಿದೆ. ಎರಡು ಗಂಟೆ ಪ್ರಶ್ನೆ ಕೇಳಿ ಒಂದು ಬಣ್ಣದ ಚಾರ್ಟು ಕೊಟ್ಟರು. ಬಸ್ಸು ತಲಪಾಡಿ ದಾಟಿದರೂ ಮಗಳು ತುಟಿ ಬಿಚ್ಚಲಿಲ್ಲ. ಆ ಮಾರ್ಚಿನಲ್ಲಿ ಆಳು ಸಿಗದೆ ನಾವಿಬ್ಬರೇ ಅಡಿಕೆ ಸುಲಿಯಲು ಕೂತೆವು. ಮೆಟ್ಟುಕತ್ತಿಯಿಂದ ಕಣ್ಣು ತೆಗೆದರೆ ಬೆರಳು ಹೋದೀತು, ಹಾಗಾಗಿ ಮುಖ ಮುಖ ನೋಡುವ ಸಂಕಟವಿಲ್ಲ. ಅರ್ಧ ಗೋಣಿ ಆಗುವಾಗ ಅವಳೇ ಕೇಳಿದಳು, "ಅಪ್ಪ, ಈ ಪತ್ರಿಕೆ ಸಾಕು ಅಂತ ನಿಮಗೆ ಅನ್ನಿಸಿದ್ದುಂಟಾ?" ಉಂಟು ಎಂದೆ. ಪ್ರೆಸ್ಸಿನ ಸಾಲ, ಮಲಯಾಳಂ ಸರಿಯಾಗಿ ಬಾರದೆ ಗುಮಾಸ್ತೆ ಪರೀಕ್ಷೆಯಲ್ಲಿ ಫೇಲಾದದ್ದು, ಅದನ್ನು ಮನೆಯಲ್ಲಿ ಮುಚ್ಚಿಟ್ಟದ್ದು, ಎಲ್ಲ ಹೇಳಿದೆ. ಆಮೇಲೆ ಅವಳ ಮಾತು ಗೋಣಿ ತುಂಬಿದರೂ ಮುಗಿಯಲಿಲ್ಲ.

ನಿಮ್ಮ ಕಡೆಯವರೇ ಕಯ್ಯಾರ ಕಿಞ್ಞಣ್ಣ ರೈಗಳು. ಮೇಷ್ಟ್ರು, ಕೃಷಿಕ, ಪಂಚಾಯತ್ ಅಧ್ಯಕ್ಷ, ಕವಿ. 1915ರಿಂದ 2015ರ ತನಕ ನೂರು ವರ್ಷ ಬಾಳಿದ ಅವರನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ ಹಿಡಿದು "ಒಂದನ್ನೇ ಹೇಳು" ಎಂದಿದ್ದರೆ ಯಾವುದನ್ನು ಬಿಡಬೇಕಿತ್ತು? ಮಂಜೇಶ್ವರದ ಗೋವಿಂದ ಪೈಗಳು ಬಿ.ಎ.ಯನ್ನೇ ಪೂರ್ತಿ ಮಾಡಲಿಲ್ಲ. (ಇದನ್ನು ಮಗನಿಗೆ ಓದಿ ಹೇಳಬೇಡಿ, ಯಜಮಾನರು ನನ್ನನ್ನು ಹುಡುಕಿಕೊಂಡು ಬಂದಾರು.)

ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ. ಮೊದಲ ವರ್ಷ ಮುಗಿದಾಗ ಮೇಜರ್, ಅಂದರೆ ಮುಖ್ಯ ವಿಷಯ, ಬದಲಿಸಲು ದಾರಿ ಉಂಟು, ಮೂರು ವರ್ಷಕ್ಕೆ ಪದವಿ ಹಿಡಿದು ಹೊರಬರಲೂ ಉಂಟು. ಸರಕಾರವೇ "ನೋಡುವ" ಎನ್ನುತ್ತಿರುವಾಗ ಮನೆಯವರಿಗೆ ಎಂತ ಅವಸರ?

ಕಾಸರಗೋಡು ಪೇಟೆಯ ಹತ್ತಿರ ಕೂಡ್ಲಿನಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಹೊಂಬಾಳೆಗೆ ಮಂಜುಗಡ್ಡೆಯ ಪೆಟ್ಟಿಗೆ ಕಟ್ಟಿ, ಹುಳಿಯಾಗದ ಹಾಗೆ ಕಲ್ಪರಸ, ಅಂದರೆ ತೆಂಗಿನ ಸಿಹಿ ನೀರಾ, ಇಳಿಸುವ ವಿಧಾನ ಅಲ್ಲಿಯದು. ಮಣ್ಣು, ಕೀಟ, ಆಹಾರ, ಬಿಎಸ್ಸಿ ಹುಡುಗನ ಕಣ್ಣಿಗೆ ಬೀಳಬೇಕಾದ್ದೆಲ್ಲ ಅಲ್ಲಿದೆ. ನಮ್ಮ ಮಕ್ಕಳು ಬಸ್ಸಿನ ಕಿಟಕಿಯಿಂದ ಅದರ ಬೋರ್ಡು ಓದಿ ಮಂಗಳೂರಿಗೆ ಹೋಗುತ್ತಾರೆ.

ನಮ್ಮ ಗ್ರಹಚಾರವೇ ಹೀಗೆ. ಕನ್ನಡ, ಮಲಯಾಳಂ ಎರಡೂ ಬಲ್ಲವರಿಗೆಂದೇ ಈ ಜಿಲ್ಲೆಯಲ್ಲಿ ಕೇರಳದ ಲೋಕಸೇವಾ ಆಯೋಗ (ಪಿಎಸ್‌ಸಿ) ಗುಮಾಸ್ತೆ ಹುದ್ದೆ ಕರೆಯುತ್ತದೆ. ಮಲಯಾಳಂ ಎಂದರೆ ಮುಖ ತಿರುಗಿಸುವ ಮನೆಗಳಿಗೆ ಆ ಸುದ್ದಿ ಮುಟ್ಟುವುದೇ ಇಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಧರಣಿ ಕೂರುತ್ತೇವೆ, ಕೂರಲೇಬೇಕು. ಆದರೆ ಆ ಕೆಲಸಕ್ಕೆ ಬಿ.ಎಡ್. ಮಾಡಬಹುದಾಗಿದ್ದ ಮಗಳನ್ನು ಬೆಂಗಳೂರಿನ ಕಂಪೆನಿಗೆ ಅಟ್ಟಿದವರೂ ನಾವೇ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಅಳುತ್ತಾ ಬಂದೆವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಆಡುವ ಹುಡುಗನಿಗೆ ಅದೂ ಒಂದು ಬಂಡವಾಳ ಎಂದು ಯಾವ ಅಪ್ಪ ಹೇಳಿದ್ದಾನೆ?

ನಿಮ್ಮ ಪತ್ರದ ಕೊನೆಗೆ, ಸಹಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ಒಂದು ಸಾಲುಂಟು: "ಇವರು ಕೂಡ ಬ್ಯಾಂಕ್ ಪರೀಕ್ಷೆ ಎರಡು ಸಲ ಕಟ್ಟಿ ಬಿಟ್ಟವರು." ಅದು ಮಗನಿಗೆ ಗೊತ್ತುಂಟಾ ಅಕ್ಕಾ? ಸುಲಿಯಲು ಅಡಿಕೆ ಇನ್ನೂ ಉಳಿದಿರಬೇಕಲ್ಲ.