ಗಣಿ ಮುಚ್ಚಿದ ಮೇಲೆ ಊರು ಹೇಗೆ ಬದುಕುತ್ತದೆ? ಬೀಡಿ ಕಟ್ಟಿದ ಮನೆಯಿಂದ ಒಂದು ಉತ್ತರ

ಕಲ್ಲಿದ್ದಲು ಗಣಿಯನ್ನೇ ನಂಬಿದ ಹಳ್ಳಿಗಳು ಗಣಿ ಮುಚ್ಚಿದರೆ ಏನು ಮಾಡಬೇಕು, ಒಂದು ಹೊಸ ಕಾರ್ಖಾನೆ ತಂದರೆ ಸಾಕಾ ಅಂತ ಕೇಳಿದ್ದೀರಿ.

ನಾನು ಗಣಿ ನೋಡಿದವನಲ್ಲ. ಉಡುಪಿಯವನಿಗೆ ಕಲ್ಲಿದ್ದಲು ಅಂದರೆ ಪಣಂಬೂರು ಬಂದರಿನಿಂದ ಎಲ್ಲೂರಿನ ವಿದ್ಯುತ್ ಸ್ಥಾವರಕ್ಕೆ ಹೋಗುವ ಗೂಡ್ಸ್ ರೈಲು, ಅಷ್ಟೇ. ಆದರೆ ಬೀಡಿ ಕೆಲಸ ಕಣ್ಣೆದುರೇ ಕರಗಿದ್ದನ್ನು ನೋಡಿದ್ದೇನೆ.

ನಮ್ಮ ಮನೆ ಶಂಕರಪುರದ ಹತ್ತಿರ. ಮಧ್ಯಾಹ್ನ ಊಟ ಆದ ಮೇಲೆ ಅಮ್ಮ ಗೆರಸೆ, ನಮ್ಮ ತುಳುವಿನಲ್ಲಿ ತಡ್ಪೆ, ಮಡಿಲಲ್ಲಿಟ್ಟು ಜಗಲಿಯಲ್ಲಿ ಕೂರುತ್ತಿದ್ದರು. ನೆನೆಸಿದ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ನೂಲು ಸುತ್ತಬೇಕು. ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಎಲೆ ಕೊಡುವ ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಒಂದು ಹಿಡಿ ಬದಿಗೆ ತೆಗೆದು 'ಇದು ಆಗುವುದಿಲ್ಲ' ಎನ್ನುತ್ತಿದ್ದರು. ಆ ಹಿಡಿಗೆ ದುಡ್ಡಿಲ್ಲ. ನನಗೆ ಈಗಲೂ ಅದರ ಸಿಟ್ಟು ಹೋಗಿಲ್ಲ.

2003ರಲ್ಲಿ ತಂಬಾಕು ಕಾನೂನು ಬಂತು. 2016ರಲ್ಲಿ ಪ್ಯಾಕೆಟಿನ ಶೇ. 85 ಭಾಗಕ್ಕೆ ಎಚ್ಚರಿಕೆಯ ಚಿತ್ರ ಬಂತು, ಮರುವರ್ಷ ಶೇ. 28 ಜಿಎಸ್‌ಟಿ. ನಮಗೆ ವಾರಕ್ಕೆ ಆರು ದಿನದ ಎಲೆ ಸಿಗುತ್ತಿದ್ದದ್ದು ಮೂರು ದಿನಕ್ಕೆ ಇಳಿಯಿತು.

ಮನೆ ಮುಳುಗಲಿಲ್ಲ. ಅಂಗಳದ ಬದಿಯಲ್ಲಿ ಮಲ್ಲಿಗೆ ಗಿಡ ಮೊದಲೇ ಇತ್ತು ನೋಡಿ. ಅಮ್ಮ ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಬಾಳೆ ನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೀಡಿಗೆ ನೂಲು ಸುತ್ತಿ ಪಳಗಿದ ಬೆರಳು, ಯಾರೂ ಕಲಿಸಬೇಕಾಗಲಿಲ್ಲ. ಅಟ್ಟೆಯ ದರ ಮಾತ್ರ ದಿನಾ ಬೇರೆ. ಮದುವೆ ಸೀಸನ್ನಿನಲ್ಲಿ ಏರುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ, ಮಳೆಗೆ ಮೊಗ್ಗೂ ಇಲ್ಲ. ಆಗ ಎರಡು ದನ, ಹಾಲಿನ ಸೊಸೈಟಿ. ತಮ್ಮ ಮುಂಬೈಯಿಂದ ಕಳಿಸುವುದು ಬೇರೆ. ಅಮ್ಮನ ಪಿಎಫ್ ಬಂದಾಗ ಮನೆಗೆ ಹೊಸ ಮಾಡು, ಅಂದರೆ ಚಾವಣಿ, ಹಾಕಿಸಿದೆವು.

ಹಾಗಾಗಿ ಒಂದು ದೊಡ್ಡ ಕಾರ್ಖಾನೆಗೆ ಕಾಯುವುದರಲ್ಲಿ ನನಗೆ ನಂಬಿಕೆ ಇಲ್ಲ. ಅದೂ ಮುಚ್ಚಿದರೆ ಮತ್ತೆ ಇದೇ ಪಾಡು, ಅಲ್ವಾ?

ಆದರೆ ನಮ್ಮ ಕತೆಯನ್ನು ಹಾಗೇ ಗಣಿ ಊರಿಗೆ ಅಂಟಿಸಬೇಡಿ. ಬೀಡಿ ನಮಗೆ ಮನೆಯಲ್ಲೇ ಕೂತು ಮಾಡುವ ಕೈಖರ್ಚಿನ ಕೆಲಸ, ಕೆಳಗಿನ ನೆಲ ನಮ್ಮದು. ಗಣಿಯಲ್ಲಿ ಸಂಬಳವೇ ಇಡೀ ಮನೆ, ಎಷ್ಟೋ ಕಡೆ ಕ್ವಾರ್ಟರ್ಸೂ ಕಂಪನಿಯದ್ದೇ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಕೆಜಿಎಫ್‌ನಿಂದ ಇವತ್ತಿಗೂ ಜನ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಲ್ಲಿ ಹೋಗಿ ಮಲ್ಲಿಗೆ ನೆಡಿ ಅಂದರೆ ಎಲ್ಲಿ ನೆಡುವುದು?

ನೀವು ಹೇಳುವ ಹಳ್ಳಿಗಳಲ್ಲಿ ಮೊದಲು ಒಂದು ಲೆಕ್ಕ ಹಾಕಿ. ಗಣಿ ಸಂಬಳ ಬರುವ ಮನೆಗಳಲ್ಲಿ ಎಷ್ಟು ಮನೆಗೆ ಹತ್ತು ಸೆಂಟ್ಸ್ ಆದರೂ ಸ್ವಂತ ಜಾಗ, ಬಾವಿಯಲ್ಲಿ ನೀರು ಇದೆ? ಇಲ್ಲದವರಿಗೆ ಗಣಿಯವರು ಬಿಟ್ಟು ಹೋಗುವ ಜಾಗದಲ್ಲಿ ಪಾಲು ಕೇಳಿ. ಗಣಿ ಇನ್ನೂ ನಡೆಯುತ್ತಿರುವಾಗಲೇ ಕೇಳಿ.