ಇಲಿಯ ನರದ ವೇಗ ದಿನಕ್ಕೊಂದು ಥರ ಬರುತ್ತಿದೆ, ಯಾಕೆ?

ಪ್ರಶ್ನೆ: ನಾನು ಎಂ.ಫಾರ್ಮ್ ವಿದ್ಯಾರ್ಥಿನಿ. ಸ್ಟ್ರೆಪ್ಟೊಝೋಟೋಸಿನ್ ಕೊಟ್ಟು ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಸಯಾಟಿಕ್ ನರದ (ಸೊಂಟದಿಂದ ಕಾಲಿಗೆ ಇಳಿಯುವ ದೊಡ್ಡ ನರ) ವೇಗ, ಅಂದರೆ ಅದರಲ್ಲಿ ಸಂಕೇತ ಸಾಗುವ ವೇಗ, ಅಳೆಯುತ್ತಿದ್ದೇನೆ. ಕಾಯಿಲೆ ಇಲ್ಲದ ಕಂಟ್ರೋಲ್ ಇಲಿಗಳಲ್ಲೇ ಒಂದು ದಿನ ಸೆಕೆಂಡಿಗೆ 52 ಮೀಟರ್ ಬಂದರೆ, ಇನ್ನೊಂದು ದಿನ 43 ಬರುತ್ತದೆ. ಯಂತ್ರ ಕೆಟ್ಟಿರಬಹುದಾ?

ಉತ್ತರ: ಯಂತ್ರವನ್ನು ಬೈಯುವ ಮೊದಲು ಇಲಿಯ ಹಿಂಗಾಲು ಮುಟ್ಟಿ ನೋಡಿ. ತಣ್ಣಗಿದೆಯಾ? ಹಾಗಿದ್ದರೆ ಕಾರಣ ಬಹುಶಃ ಅದೇ.

ಕೆಟಮಿನ್-ಜೈಲಜಿನ್ ಅರಿವಳಿಕೆ ಕೊಟ್ಟ ಇಲಿಗೆ ಮೈ ಬಿಸಿ ಉಳಿಸಿಕೊಳ್ಳಲು ಆಗುವುದಿಲ್ಲ. ನರದ ತಾಪಮಾನ ಒಂದು ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ ಸುಮಾರು ಒಂದೂವರೆ-ಎರಡು ಮೀಟರ್ ಇಳಿಯುತ್ತದೆ. ಐದು ಡಿಗ್ರಿ ಇಳಿಯಿತು ಅಂದುಕೊಳ್ಳಿ, ನಿಮ್ಮ 52 ಅಲ್ಲಿಗೇ 43ರ ಹತ್ತಿರ ಬಂತು. ಸಕ್ಕರೆ ಕಾಯಿಲೆಯಿಂದ ನೀವು ನಿರೀಕ್ಷಿಸುವ ಇಳಿಕೆಯೂ ಹೆಚ್ಚುಕಡಿಮೆ ಇಷ್ಟೇ ಅಲ್ವಾ! ಕಾಯಿಲೆಯ ಇಲಿಗಳು ಬಡಕಲಾಗಿರುತ್ತವೆ, ಬೇಗ ತಣ್ಣಗಾಗುತ್ತವೆ. ಹಾಗಾಗಿ ಚಳಿಯ ಪರಿಣಾಮವನ್ನೇ ಕಾಯಿಲೆಯ ಪರಿಣಾಮ ಅಂತ ಬರೆದುಬಿಡುವ ಅಪಾಯ ಇದೆ. ಹೀಟಿಂಗ್ ಪ್ಯಾಡ್ ಇಟ್ಟು ಗುದದ್ವಾರದಲ್ಲಿ 37 ಡಿಗ್ರಿ ನೋಡಿದರೆ ಸಾಲದು. ಹೊಟ್ಟೆ ಬೆಚ್ಚಗಿದ್ದರೂ ಕಾಲು ತಣ್ಣಗಿರಬಹುದು. ಕಾಲಿಗೇ ಬಿಸಿ ದೀಪ ಹಿಡಿಯಿರಿ, ನರದ ಪಕ್ಕದ ತಾಪಮಾನ ಅಳೆದು ಪ್ರತಿ ಓದಿನ ಜೊತೆ ಬರೆದಿಡಿ.

ಎರಡನೇ ಅನುಮಾನ ನಿಮ್ಮ ಅಳತೆಯ ಮೇಲೆ. ಸೊಂಟದ ಹತ್ತಿರ ಒಮ್ಮೆ, ಹಿಮ್ಮಡಿಯ ಹತ್ತಿರ ಒಮ್ಮೆ ಪ್ರಚೋದನೆ ಕೊಟ್ಟು, ಪಾದದ ಸ್ನಾಯುವಿನಲ್ಲಿ ವಿದ್ಯುತ್ ಅಲೆ ಶುರುವಾಗುವ ಹೊತ್ತಿನ ವ್ಯತ್ಯಾಸ ನೋಡುತ್ತೀರಿ. ನಡುವೆ 40 ಮಿಲಿಮೀಟರ್, ವೇಗ 50 ಇದ್ದರೆ ಆ ವ್ಯತ್ಯಾಸ ಬರೀ 0.8 ಮಿಲಿಸೆಕೆಂಡ್. ಅಲೆ ಶುರುವಾದ ಜಾಗ ಗುರುತಿಸುವ ಕರ್ಸರ್ ಅನ್ನು 0.1 ಆಚೆ ಇಟ್ಟು 0.9 ಓದಿದಿರಾ? ವೇಗ 44ಕ್ಕೆ ಬಿತ್ತು! ಸೆಕೆಂಡಿಗೆ 10,000 ಸ್ಯಾಂಪಲ್ ಮಾತ್ರ ತೆಗೆಯುವ ಸೆಟ್ಟಿಂಗ್ ಇದ್ದರೆ ಎರಡು ಚುಕ್ಕಿಗಳ ನಡುವೆ ಇರುವುದೇ 0.1 ಮಿಲಿಸೆಕೆಂಡ್, ಅದನ್ನು ಜಾಸ್ತಿ ಮಾಡಿ. ದೂರವನ್ನು (ಪ್ರಚೋದನೆ ಕೊಡುವ ಋಣ ಧ್ರುವವಾದ) ಕ್ಯಾಥೋಡ್‌ನಿಂದ ಕ್ಯಾಥೋಡ್‌ಗೆ ಅಳೆಯಿರಿ, ಪ್ರತಿ ಇಲಿಯ ಕಾಲನ್ನೂ ಒಂದೇ ಭಂಗಿಯಲ್ಲಿ ಚಾಚಿಡಿ. ಕಾಲು ಮಡಚಿದ್ದರೆ ಚರ್ಮದ ಮೇಲಿನ ದೂರವೇ ಬೇರೆಯಾಗುತ್ತದೆ.

ಕರೆಂಟ್ ಎಷ್ಟು ಕೊಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲೆ ಇನ್ನು ದೊಡ್ಡದಾಗುವುದಿಲ್ಲ ಅನ್ನುವವರೆಗೆ ಏರಿಸಿ, ಅದರ ಮೇಲೆ ಶೇ. 20ರಷ್ಟು ಕೊಡಿ. ಕಮ್ಮಿಯಾದರೆ ವೇಗದ ತಂತುಗಳಲ್ಲಿ ಕೆಲವು ಸುಮ್ನೆ ಉಳಿಯಬಹುದು. ಸಿಕ್ಕಾಪಟ್ಟೆ ಏರಿಸಿದರೆ ಪ್ರಚೋದನೆ ಕ್ಯಾಥೋಡ್‌ನಿಂದ ಆಚೆಗೆ ಹಬ್ಬಿ, ನೀವು ಅಳೆದ ದೂರವೇ ಸುಳ್ಳಾಗುತ್ತದೆ.

ಇನ್ನೊಂದು ವಿಷಯ, ಜೈಲಜಿನ್ ರಕ್ತದ ಸಕ್ಕರೆ ಏರಿಸುತ್ತದೆ. ಗ್ಲೂಕೋಮೀಟರ್ ಓದನ್ನು ಅರಿವಳಿಕೆಗೆ ಮೊದಲೇ ತೆಗೆದುಕೊಳ್ಳಿ. ಕಂಟ್ರೋಲ್ ಇಲಿಗಳ ವಯಸ್ಸೂ ಒಂದೇ ಇರಲಿ, ಏಕೆಂದರೆ ಎಳೆಯ ಇಲಿಯ ನರದ ವೇಗ ಬೆಳೆಯುತ್ತಾ ತಾನಾಗೇ ಏರುತ್ತದೆ. ಒಂದು ದಿನ ಬರೀ ಕಂಟ್ರೋಲ್, ಮರುದಿನ ಬರೀ ಕಾಯಿಲೆಯವು ಅಂತ ಮಾಡಬೇಡಿ. ಎರಡನ್ನೂ ಬೆರೆಸಿ, ಯಾವ ಇಲಿ ಯಾವ ಗುಂಪಿನದು ಅಂತ ಕರ್ಸರ್ ಇಡುವವರಿಗೆ ಗೊತ್ತಾಗದ ಹಾಗೆ ಸಹಪಾಠಿಯೊಬ್ಬರಿಂದ ನಂಬರ್ ಹಾಕಿಸಿ.