ಕೋರ್ಸ್ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ?

ಪ್ರಶ್ನೆ: ನಾನು ಕಲಬುರಗಿಯ ವಿಶ್ವವಿದ್ಯಾಲಯವೊಂದರಲ್ಲಿ ಸಹಾಯಕ ಪ್ರಾಧ್ಯಾಪಕಿ. ಎರಡು ವರ್ಷದಿಂದ ನಮ್ಮ ಎಂ.ಎ.ಗೆ ಅಡ್ಮಿಷನ್ ಕಡಿಮೆ. ಮುಂದಿನ ವರ್ಷ ಈ ಕೋರ್ಸಿಗೆ ಅರ್ಜಿ ಕರೆಯುವುದಿಲ್ಲ ಎಂದು ಮೇಲಿನವರು ನಮ್ಮ ವಿಭಾಗದ ಮುಖ್ಯಸ್ಥರಿಗೆ ಬಾಯಿಮಾತಿನಲ್ಲಿ ಹೇಳಿದ್ದಾರೆ. ವಿಭಾಗದಲ್ಲಿ ಒಂದು ಮೀಟಿಂಗೂ ಆಗಿಲ್ಲ. ಹೀಗೆ ಮಾಡಬಹುದಾ ಸರ್? ನಮ್ಮ ಮಾತಿಗೆ ಬೆಲೆ ಇಲ್ವಾ?
– ಹೆಸರು ಬೇಡ, ಕಲಬುರಗಿ

ಉತ್ತರ: ಮೇಡಂ, ಮೊದಲು ಆ ಬಾಯಿಮಾತನ್ನು ಕಾಗದಕ್ಕೆ ಇಳಿಸಿ. 'ಇಂಥ ದಿನ ಹೀಗೆ ತಿಳಿಸಿದ್ದೀರಿ, ದಯವಿಟ್ಟು ಲಿಖಿತ ಆದೇಶ ಕೊಡಿ' ಎಂದು ಮುಖ್ಯಸ್ಥರು ಕುಲಸಚಿವರಿಗೆ (ರಿಜಿಸ್ಟ್ರಾರ್) ಎರಡು ಸಾಲು ಬರೆಯಲಿ. ಪತ್ರ ತೆಗೆದುಕೊಳ್ಳುವ ಇನ್‌ವರ್ಡ್ ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಲಿ. ಇಂಥ ಎಷ್ಟೋ ತೀರ್ಮಾನಗಳು ಬಾಯಲ್ಲೇ ಉಳಿಯುತ್ತವೆ. ಬರೆದು ಕೊಡಬೇಕಾದರೆ ಯಾವ ಸಭೆಯ ಯಾವ ನಿರ್ಣಯದ ಪ್ರಕಾರ ಎಂದೂ ಬರೆಯಬೇಕಾಗುತ್ತದಲ್ಲ!

ನಿಮ್ಮದು ಯಾವ ವಿಶ್ವವಿದ್ಯಾಲಯ ಎಂದು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಆದರೆ ನಿಮ್ಮ ಜಿಲ್ಲೆಯಲ್ಲೇ ಮೂರು ಬಗೆಯವು ಇವೆ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯ ರಾಜ್ಯದ್ದು. ಅದಕ್ಕೆ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000 ಅನ್ವಯಿಸುತ್ತದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ 2009ರ ಕೇಂದ್ರ ಕಾಯ್ದೆಯಡಿ ಬಂದದ್ದು. ಖಾಸಗಿ ವಿಶ್ವವಿದ್ಯಾಲಯಕ್ಕೆ ಅದರದೇ ಕಾಯ್ದೆ ಇರುತ್ತದೆ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ಆಡಳಿತ ನೋಡುವ ಮಂಡಳಿಗೆ ಸಿಂಡಿಕೇಟ್ ಎನ್ನುತ್ತಾರೆ, ಕೇಂದ್ರೀಯದರಲ್ಲಿ ಆ ಜಾಗದಲ್ಲಿ ಕಾರ್ಯಕಾರಿ ಮಂಡಳಿ ಇರುತ್ತದೆ, ಅಷ್ಟೇ. ಓದಿಗೆ ಸಂಬಂಧಿಸಿದ ವಿಷಯ ಅಕಾಡೆಮಿಕ್ ಕೌನ್ಸಿಲ್‌ಗೆ ಹೋಗಬೇಕು ಎನ್ನುವುದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ರಾಜ್ಯದ ವಿಶ್ವವಿದ್ಯಾಲಯದಲ್ಲಿ ವಿಷಯ ಸಾಗುವ ದಾರಿ ಇದು: ವಿಭಾಗದ ಕೌನ್ಸಿಲ್, ಅಲ್ಲಿಂದ ಬಿಓಎಸ್ (ಪಠ್ಯ ರೂಪಿಸುವ ಅಧ್ಯಯನ ಮಂಡಳಿ), ನಂತರ ಡೀನ್ ನೇತೃತ್ವದ ನಿಕಾಯ (ಹಲವು ವಿಭಾಗ ಸೇರಿದ ಫ್ಯಾಕಲ್ಟಿ), ಅಕಾಡೆಮಿಕ್ ಕೌನ್ಸಿಲ್, ಕೊನೆಗೆ ಸಿಂಡಿಕೇಟ್. ಪಠ್ಯ, ಪರೀಕ್ಷೆ, ಕೋರ್ಸಿನ ಗುಣಮಟ್ಟ ಅಕಾಡೆಮಿಕ್ ಕೌನ್ಸಿಲ್‌ನ ಪಾಲು. ಹಣ, ಹುದ್ದೆ, ಆಡಳಿತ ಸಿಂಡಿಕೇಟ್‌ನ ಪಾಲು. ಜಗಳ ಹುಟ್ಟುವುದೇ ಈ ಗಡಿಯಲ್ಲಿ. 'ಮಕ್ಕಳಿಲ್ಲ, ಖರ್ಚು ಜಾಸ್ತಿ' ಎಂದರೆ ಅದು ಹಣದ ಮಾತು. 'ಈ ವಿಷಯ ಈ ಭಾಗಕ್ಕೆ ಬೇಕೋ ಬೇಡವೋ' ಎಂದರೆ ಓದಿನ ಮಾತು. ಮೊದಲನೆಯದನ್ನು ತೋರಿಸಿ ಎರಡನೆಯದನ್ನೂ ಮುಗಿಸಿಬಿಡುವ ಅಭ್ಯಾಸ ಬೆಳೆದಿದೆ. ಅದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ವ್ಯತ್ಯಾಸ ಗಮನಿಸಿ. ಒಂದು ವರ್ಷ ಅರ್ಜಿ ಕರೆಯದಿರುವುದು ಬೇರೆ, ಕೋರ್ಸ್ ಮುಚ್ಚುವುದು ಬೇರೆ. ಮೊದಲನೆಯದು ಸುಲಭ. ಅಡ್ಮಿಷನ್ ಅಧಿಸೂಚನೆಯಲ್ಲಿ ಆ ಸಾಲು ಬಿಟ್ಟರೆ ಆಯಿತು. ಮುಚ್ಚಬೇಕಾದರೆ ಮೇಲಿನ ಸಭೆಗಳ ನಿರ್ಣಯ ಬೇಕು. ಸ್ಟ್ಯಾಚ್ಯೂಟ್, ಅಂದರೆ ಕಾಯ್ದೆಯಡಿ ಮಾಡಿದ ವಿಶ್ವವಿದ್ಯಾಲಯದ ನಿಯಮ, ತಿದ್ದಬೇಕಾಗಿ ಬಂದರಂತೂ ಕಡತ ಸರ್ಕಾರದ ಮೂಲಕ ರಾಜ್ಯಪಾಲರ ತನಕ ಹೋಗಬೇಕು. ಆದ್ದರಿಂದ ಮುಚ್ಚುವ ಗೋಜಿಗೇ ಹೋಗುವುದಿಲ್ಲ. ವರ್ಷ ವರ್ಷ ಅರ್ಜಿ ಕರೆಯದೆ ಬಿಡುತ್ತಾರೆ. ಮೂರನೇ ವರ್ಷಕ್ಕೆ 'ಆ ಕೋರ್ಸ್ ನಡೆಯುತ್ತಲೇ ಇಲ್ವಲ್ಲ' ಎನ್ನುವ ಮಾತು ತಾನಾಗೇ ಬರುತ್ತದೆ. ನೀವು ತಡೆಯಬೇಕಾದದ್ದು ಈ ಮೊದಲ ವರ್ಷದಲ್ಲೇ.

ಕುಲಪತಿಗಳಿಗೆ ತುರ್ತು ಅಧಿಕಾರ ಇದೆ, ಅದನ್ನು ಬಳಸುತ್ತಾರೆ ಎಂದು ಯಾರಾದರೂ ಹೇಳಬಹುದು. ಹೌದು, ಇದೆ. ಆದರೆ ಹಾಗೆ ತೆಗೆದುಕೊಂಡ ಕ್ರಮವನ್ನು ಸಂಬಂಧಪಟ್ಟ ಮಂಡಳಿಯ ಮುಂದಿನ ಸಭೆಗೆ ವರದಿ ಮಾಡಬೇಕು. ಘಟನೋತ್ತರ ಮಂಜೂರಾತಿಗೆ, ಅಂದರೆ ಕ್ರಮ ಆದಮೇಲಿನ ಒಪ್ಪಿಗೆಗೆ, ಅದು ಬಂದಾಗ ಪ್ರಶ್ನೆ ಕೇಳುವ ಒಬ್ಬ ಸದಸ್ಯರಾದರೂ ಅಲ್ಲಿರಬೇಕು. ಅಕಾಡೆಮಿಕ್ ಕೌನ್ಸಿಲ್ ಸಭೆಯಲ್ಲಿ ನಿಮ್ಮ ಡೀನ್ ಇರುತ್ತಾರೆ. ಅವರನ್ನು ಸಭೆಯ ದಿನ ಅಲ್ಲ, ಅಜೆಂಡಾ ಹೊರಡುವ ಮುಂಚೆ ಭೇಟಿಯಾಗಿ. ಮೊದಲೇ ಕಳಿಸದೆ ಸಭೆಯಲ್ಲೇ ಮೇಜಿನ ಮೇಲಿಡುವ ಕೊನೇ ಗಳಿಗೆಯ ಟೇಬಲ್ ಅಜೆಂಡಾ ಆಗಿ ಬಂದದ್ದನ್ನು ಯಾರೂ ಓದುವುದಿಲ್ಲ. ಚಹಾ ಬರುವ ಹೊತ್ತಿಗೆ ಪಾಸಾಗಿರುತ್ತದೆ.

ಈಗ ನಿಮ್ಮ ಕೆಲಸ. ವಿಭಾಗದ ಕೌನ್ಸಿಲ್ ಸಭೆ ಕರೆಯಲು ಬರೆದು ಕೊಡಿ. ಅಲ್ಲಿ 'ನಮ್ಮನ್ನು ಕೇಳಲಿಲ್ಲ' ಎಂದು ಮಾತ್ರ ಬರೆದರೆ ಸಾಲದು. ಬೇಸರ ಆಗಬಹುದು, ಆದರೂ ಹೇಳುತ್ತೇನೆ: ಮಕ್ಕಳೇ ಬರದ ಕೋರ್ಸನ್ನು ಪ್ರಶ್ನಿಸುವ ಹಕ್ಕು ಆಡಳಿತಕ್ಕೂ ಇದೆ. ಅದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಿ. ಐದು ವರ್ಷದಲ್ಲಿ ಎಷ್ಟು ಅರ್ಜಿ ಬಂತು, ಎಷ್ಟು ಜನ ಸೇರಿದರು? ಅರ್ಜಿ ಹೆಚ್ಚಿದ್ದು ಸೇರಿದವರು ಕಡಿಮೆ ಇದ್ದರೆ ತೊಂದರೆ ಕೋರ್ಸಿನದಲ್ಲ. ಕೌನ್ಸೆಲಿಂಗ್ ತಡವಾಗಿರಬಹುದು, ಹಾಸ್ಟೆಲ್ ಸಿಕ್ಕಿರಲಿಕ್ಕಿಲ್ಲ. ನಿಮ್ಮ ವಿಷಯವನ್ನು ಡಿಗ್ರಿಯಲ್ಲಿ ಕಲಿಸುವ ಕಾಲೇಜುಗಳು ಅಫಜಲಪುರ, ಆಳಂದ, ಚಿತ್ತಾಪುರ, ಸೇಡಂ ಕಡೆ ಎಷ್ಟು ಉಳಿದಿವೆ? ಅಲ್ಲೇ ವಿಷಯ ನಿಂತಿದ್ದರೆ ಎಂ.ಎ.ಗೆ ಮಕ್ಕಳು ಎಲ್ಲಿಂದ ಬರಬೇಕು?

ವರ್ಕ್‌ಲೋಡ್ ಲೆಕ್ಕವನ್ನೂ ಸೇರಿಸಿ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಪಾಠ. ಕೋರ್ಸ್ ನಿಂತರೆ ಮೊದಲು ಹೋಗುವುದು ಅತಿಥಿ ಉಪನ್ಯಾಸಕರ ಕೆಲಸ. ಆಮೇಲೆ ವರ್ಕ್‌ಲೋಡ್ ಇಲ್ಲವೆಂದು ಖಾಲಿ ಹುದ್ದೆ ತುಂಬುವುದಿಲ್ಲ. ಈಗ ಓದುತ್ತಿರುವವರು, ಬ್ಯಾಕ್‌ಲಾಗ್ ಇರುವವರ ಗತಿ ಏನು ಎಂದೂ ಕೇಳಿ. ಸುತ್ತೋಲೆಗಳು ಅವರನ್ನು ಮರೆಯುವುದೇ ಜಾಸ್ತಿ.

ಸಭೆಯಲ್ಲಿ ನಿಮಗೆ ಒಪ್ಪಿಗೆ ಇಲ್ಲದಿದ್ದರೆ ನಡಾವಳಿಯಲ್ಲಿ ಅದನ್ನು ಬರೆಸಿ. ಕಾರಿಡಾರಿನಲ್ಲಿ ಹೇಳಿದ ಅಸಮಾಧಾನ ಲೆಕ್ಕಕ್ಕೆ ಬರುವುದಿಲ್ಲ. ಮೇಲಿನ ಸಭೆಗಳ ನಡಾವಳಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ.

ಪ್ರಶ್ನೆ: ಬೀದರ್ ಜಿಲ್ಲೆಯ ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆಡಳಿತ ಮಂಡಳಿಯವರು ಬಿಸಿಎ ಶುರು ಮಾಡೋಣ ಅನ್ನುತ್ತಿದ್ದಾರೆ. ಬೀದರ್ ವಿಶ್ವವಿದ್ಯಾಲಯ ಒಪ್ಪಿದರೆ ಸಾಕಲ್ಲವೇ?
– ಉಪನ್ಯಾಸಕ, ಭಾಲ್ಕಿ

ಉತ್ತರ: ಸಾಲದು. 2024-25ರಿಂದ ಬಿಸಿಎ, ಬಿಬಿಎ ಎರಡಕ್ಕೂ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅನುಮೋದನೆಯೂ ಬೇಕು. ಅದರ ಜೊತೆಗೆ ಸಂಯೋಜನೆಗೆ (ಅಫಿಲಿಯೇಷನ್) ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು. ಎಲ್‌ಐಸಿ, ಅಂದರೆ ಸ್ಥಳೀಯ ವಿಚಾರಣಾ ಸಮಿತಿ, ಕಾಲೇಜಿಗೆ ಬಂದು ಕೊಠಡಿ, ಲ್ಯಾಬ್, ಅಧ್ಯಾಪಕರ ಅರ್ಹತೆ ನೋಡುತ್ತದೆ. ಎಲ್‌ಐಸಿ ಬರುವ ದಿನಕ್ಕೆ ಪಕ್ಕದ ಕಾಲೇಜಿನಿಂದ ಕಂಪ್ಯೂಟರ್ ತಂದಿಟ್ಟ ಕಥೆಗಳು ನಿಮಗೂ ಗೊತ್ತಿರುತ್ತವೆ, ಹೆಚ್ಚು ಹೇಳುವುದಿಲ್ಲ. ಕಂಪ್ಯೂಟರ್ ಸೈನ್ಸ್ ಕಲಿಸುವ ಅರ್ಹ ಅಧ್ಯಾಪಕರು ಭಾಲ್ಕಿಯಲ್ಲಿ ನಿಂತು ಕೆಲಸ ಮಾಡಲು ಸಿಗುತ್ತಾರಾ ಎಂದು ಆಡಳಿತ ಮಂಡಳಿಯವರು ಮೊದಲು ನೋಡಲಿ. ಬೇರೆ ವಿಷಯದವರಿಗೆ ಆ ಪಾಠ ಹೊರಿಸುವ ಯೋಚನೆ ಇದ್ದರೆ ನೀವು ಸ್ಟಾಫ್ ಮೀಟಿಂಗಿನಲ್ಲೇ ಬೇಡ ಎಂದು ಹೇಳಿಬಿಡಿ.

ಪ್ರಶ್ನೆ: ನಾನು 2023ರಲ್ಲಿ ಬಿ.ಎ. ಸೇರಿದೆ. ನನ್ನ ತಮ್ಮ 2024ರಲ್ಲಿ ಸೇರಿದ. ಅವನಿಗೆ ಬೇರೆ ಪಠ್ಯ, ನನಗೆ ಬೇರೆ. ನಡುವೆ ನನ್ನದನ್ನೂ ಬದಲಾಯಿಸುತ್ತಾರಾ?
– ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಇಲ್ಲಮ್ಮ. ರಾಜ್ಯದಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿ ಇತ್ತು. 2024-25ರಿಂದ ಸೇರಿದವರಿಗೆ ಮತ್ತೆ ಮೂರು ವರ್ಷದ ಡಿಗ್ರಿ, ಹೊಸ ಪಠ್ಯ. ನೀನು ಸೇರಿದಾಗ ಇದ್ದ ನಿಯಮವೇ ನಿನಗೆ ಕೊನೆಯ ತನಕ. ಬ್ಯಾಕ್‌ಲಾಗ್ ಇದ್ದರೆ ಮಾತ್ರ ಉದಾಸೀನ ಮಾಡಬೇಡ, ಬೇಗ ಮುಗಿಸಿಕೋ. ಹಳೆಯ ಪಠ್ಯದ ಪರೀಕ್ಷೆಯನ್ನು ಎಷ್ಟು ವರ್ಷ ನಡೆಸುತ್ತಾರೆ ಎಂದು ವಿಶ್ವವಿದ್ಯಾಲಯದ ಮೌಲ್ಯಮಾಪನ ವಿಭಾಗದಲ್ಲಿ ವಿಚಾರಿಸು. ಯಾದಗಿರಿಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಅದಕ್ಕಾಗಿ ಕಲಬುರಗಿಗೆ ಬಸ್ ಹತ್ತಬೇಡ.